ಆಸ್ಪತ್ರೆಗೆ ಹೋಗುವ ಮೊದಲೇ ನಮ್ಮ ಮಾತು ಬರೆದಿಡೋಣ: ಮುಂಗಡ ನಿರ್ದೇಶನಕ್ಕೆ ಜೊತೆಗಾರರ ನೆರವು

ಮಾನಸಿಕ ಕಾಯಿಲೆ ಜೋರಾದಾಗ ನಮ್ಮ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೊಂದು ದಾರಿ ಕೊಟ್ಟಿದೆ. ನನಗೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ, ನನ್ನ ಪರವಾಗಿ ಇವರನ್ನು ಕೇಳಿ ಎಂದು 18 ತುಂಬಿದ ಯಾರು ಬೇಕಾದರೂ ಬರೆದಿಡಬಹುದು. 5ನೇ ಸೆಕ್ಷನ್ನಿನಲ್ಲಿರುವ ಈ ಹಕ್ಕೇ ಮುಂಗಡ ನಿರ್ದೇಶನ. ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಇಲ್ಲದ ಹೊತ್ತಿನಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ.

ಇದನ್ನು ಬರೆಸಲು ಆ ಕಾಯಿಲೆಯ ದಾರಿಯಲ್ಲಿ ನಡೆದು ಚೇತರಿಸಿಕೊಂಡ ಜೊತೆಗಾರರೇ ಸರಿ. ವಾರ್ಡಿನ ರಾತ್ರಿ ಹೇಗಿರುತ್ತದೆ ಎಂದು ಬಲ್ಲವರಿಗೆ ಏನು ಕೇಳಬೇಕೆಂಬುದೂ ಗೊತ್ತಿರುತ್ತದೆ. ಬರೆಯುವವರು ಚೆನ್ನಾಗಿರುವ ದಿನ ನೋಡಿ, ಒಂದೊಂದು ಗಂಟೆಯಂತೆ ಎರಡು ಸಲ ಕೂರಿ. ಮನೆಯವರು ಆ ಹೊತ್ತು ಹೊರಗಿರಲಿ. ಅಮ್ಮ ಪಕ್ಕದಲ್ಲಿದ್ದರೆ ಅಮ್ಮನಿಗೆ ಇಷ್ಟವಾಗುವ ಉತ್ತರವೇ ಬರುತ್ತದೆ. ಜೊತೆಗಾರರು ಪ್ರಶ್ನೆ ಕೇಳಲಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. ಯಾವ ಮಾತ್ರೆ ಒಳ್ಳೆಯದು ಎಂದು ಹೇಳುವುದು ಅವರ ಕೆಲಸವಲ್ಲ.

ಮೊದಲ ಸಲ ಕೂರುವಾಗ ಹಳೆಯ ಡಿಸ್ಚಾರ್ಜ್ ಸಮರಿ, ಈಗಿನ ಔಷಧಿ ಚೀಟಿ ಮುಂದಿರಲಿ. ಇಲ್ಲದಿದ್ದರೆ ಆಸ್ಪತ್ರೆಗೆ ಅರ್ಜಿ ಬರೆದು ಕೇಳಿ. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು 25ನೇ ಸೆಕ್ಷನ್ನಿನಲ್ಲಿದೆ.

ಬರವಣಿಗೆ ಸೋಲುವುದು ಹೆಚ್ಚಾಗಿ ಒಂದೇ ಕಡೆ: ಮಾತು ತೇಲಿಹೋಗುತ್ತದೆ. 'ಒಳ್ಳೆಯ ಚಿಕಿತ್ಸೆ ಕೊಡಿ, ಗೌರವದಿಂದ ನೋಡಿಕೊಳ್ಳಿ' ಎಂದು ಬರೆದರೆ ರಾತ್ರಿ ಪಾಳಿಯ ಡಾಕ್ಟರಿಗೆ ಅದರಿಂದ ಏನೂ ತಿಳಿಯದು. 'ಹಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟಾಗ ಕುತ್ತಿಗೆ ಒಂದು ಕಡೆ ಸೆಟೆದುಕೊಂಡಿತ್ತು, ಅದು ಬೇಡ. ಈ ಹಿಂದೆ ಒಗ್ಗಿದ್ದು ಇಂಥ ಔಷಧಿ, ಇಷ್ಟು ಮಿಲಿಗ್ರಾಂ' ಎಂದರೆ ಕೂಡಲೇ ಉಪಯೋಗಕ್ಕೆ ಬರುತ್ತದೆ. ಏನು ಬೇಡವೋ ಅದರ ಪಕ್ಕದಲ್ಲೇ ಕಾರಣವನ್ನೂ, ಬದಲಿಗೆ ಏನು ಆಗಬಹುದು ಎಂಬುದನ್ನೂ ಬರೆಸಿ. ಕಾಯಿಲೆ ಮರುಕಳಿಸುವ ಮುನ್ಸೂಚನೆಗಳು (ಮೂರು ರಾತ್ರಿ ನಿದ್ದೆಯಿಲ್ಲದಿರುವುದು, ಊಟ ಬಿಡುವುದು), ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಇದ್ದರೆ ಅದು, ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಬಾರದು, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ಭಾಷೆಯಲ್ಲಿ ಮಾತಾಡಿಸಬೇಕು, ಇವೂ ಇರಲಿ. ಒಟ್ಟು ಎರಡು ಪುಟ ಮೀರದಿರಲಿ, ಉದ್ದವಾದರೆ ಓದುವವರಿಲ್ಲ.

ಇದರ ಮಿತಿಯನ್ನು ಬರೆಯುವವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. 94ನೇ ಸೆಕ್ಷನ್ನಿನ ತುರ್ತು ಚಿಕಿತ್ಸೆಗೆ, ಅಂದರೆ ಹೆಚ್ಚೆಂದರೆ 72 ಗಂಟೆಗೆ, ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ. ಆದರೆ ಆ ಅವಧಿಯಲ್ಲಿ ಕರೆಂಟ್ ಶಾಕ್ ಚಿಕಿತ್ಸೆ ಕೊಡುವಂತಿಲ್ಲ. ಆಮೇಲೂ ಡಾಕ್ಟರಿಗೋ ಮನೆಯವರಿಗೋ ಇದನ್ನು ಪಾಲಿಸುವುದು ಬೇಡವೆನಿಸಿದರೆ ಅವರು ಇಂಥ ತಕರಾರುಗಳನ್ನು ತೀರ್ಮಾನಿಸುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು, ತಾವೇ ಬದಿಗಿಡುವಂತಿಲ್ಲ. ಮಂಡಳಿ ಮುಖ್ಯವಾಗಿ ನೋಡುವುದು ಇವನ್ನು: ಸ್ವಂತ ಇಚ್ಛೆಯಿಂದ ಬರೆದದ್ದೇ, ವಿಷಯ ತಿಳಿದು ಬರೆದದ್ದೇ, ಬರೆಯುವಾಗ ಸಾಮರ್ಥ್ಯವಿತ್ತೇ, ಈಗಿನಂಥ ಪರಿಸ್ಥಿತಿಗೆಂದೇ ಬರೆದದ್ದೇ. ಮನೆಯವರನ್ನು ಹೊರಗಿರಿಸಿ ಕಾರಣಗಳನ್ನು ಬರೆಸಿದ್ದು ಆಗ ಕೈಹಿಡಿಯುತ್ತದೆ. ಸಹಿ ಹಾಕುವ ದಿನವೇ ಒಪಿಡಿಗೆ ಹೋಗಿ, ಸಾಮರ್ಥ್ಯವಿದೆ ಎಂದು ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಗಟ್ಟಿ. ಯಾವ ಔಷಧಿಯೂ ಬೇಡ, ಯಾವ ಆಸ್ಪತ್ರೆಯೂ ಬೇಡ ಎಂದಷ್ಟೇ ಬರೆದ ಕಾಗದ ಇಂಥ ಕಡೆ ನಿಲ್ಲುವುದು ಕಷ್ಟ.

ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಬರೆಯುವವರ ಪರವಾಗಿ ಮಾತಾಡುವವರ, ಆಯ್ಕೆಗೆ ಹೆಚ್ಚು ಹೊತ್ತು ಕೊಡಿ. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. ವಯಸ್ಕರಾಗಿರಬೇಕು, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೊಡಬೇಕು. ನೇಮಕವನ್ನು ಬಿಳಿ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಮಾಡಿದರೂ ಸಾಕು. ಯಾರನ್ನೂ ನೇಮಿಸದಿದ್ದರೆ ಆ ಸ್ಥಾನ ಮೊದಲು ಹೋಗುವುದು ಸಂಬಂಧಿಕರಿಗೆ, ಜಗಳವಿರುವ ಮನೆಯಲ್ಲೂ. ಹಾಗಾಗಿ ಇಬ್ಬರು ಮೂವರ ಹೆಸರನ್ನು ಆದ್ಯತೆಯ ಕ್ರಮದಲ್ಲಿ ಬರೆಸಿ. ಒಬ್ಬರ ಫೋನ್ ಸಿಗದಿದ್ದರೆ ಇನ್ನೊಬ್ಬರಿರಲಿ.

ಕೊನೆಯ ಪ್ರತಿಯನ್ನು ನಿಗದಿತ ನಮೂನೆಯಲ್ಲೇ ತುಂಬಿ. ನಮೂನೆಗೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಕಾನೂನಿನ ತೊಡಕು ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ನೆರವಾಗುತ್ತದೆ. ಸಾಕ್ಷಿಗಳಾಗಿ ಪ್ರತಿನಿಧಿಯಲ್ಲದ ಇಬ್ಬರನ್ನು ಕರೆಯಿರಿ. ಆಮೇಲೆ ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಕಾಗದ ಡಾಕ್ಟರ ಕೈಗೆ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಕಾಯ್ದೆಯು ನಿರ್ದೇಶನ ಬರೆದವರ ಮತ್ತು ಪ್ರತಿನಿಧಿಯ ಮೇಲೇ ಹಾಕಿದೆ. ಪ್ರತಿ ತಲುಪದಿದ್ದರೆ, ಪಾಲಿಸಲಿಲ್ಲವೆಂದು ಡಾಕ್ಟರನ್ನು ಹೊಣೆ ಮಾಡಲಾಗದು. ಒಂದು ಪ್ರತಿ ಮಂಡಳಿಗೆ, ಒಂದು ಆಸ್ಪತ್ರೆಯ ಫೈಲಿಗೆ, ಪ್ರತಿಯೊಬ್ಬ ಪ್ರತಿನಿಧಿಗೂ ಒಂದೊಂದು, ಫೋಟೊ ಎಲ್ಲರ ಮೊಬೈಲಿನಲ್ಲಿ. ಪರ್ಸಿನಲ್ಲೊಂದು ಚೀಟಿ: ಪ್ರತಿನಿಧಿಯ ನಂಬರು ಮತ್ತು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416.

ಔಷಧಿ ಬದಲಾದಾಗ, ಪ್ರತಿ ಸಲ ಡಿಸ್ಚಾರ್ಜ್ ಆದ ಮೇಲೆ ಮತ್ತೆ ಕೂತು ಓದಿ. ಯಾವಾಗ ಬೇಕಾದರೂ ತಿದ್ದಬಹುದು, ರದ್ದು ಮಾಡಬಹುದು. ತಿದ್ದಿದಾಗ ಹಳೆಯ ಪ್ರತಿಗಳನ್ನೆಲ್ಲ ವಾಪಸ್ ಪಡೆದು, ಹೊಸದರ ಮೇಲೆ ದಿನಾಂಕ ದಪ್ಪಕ್ಷರದಲ್ಲಿ ಬರೆಯಿರಿ.