ಮಿಲಾನ್‌ಗೆ ಹೊರಟಿದ್ದೀರಾ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಇಟಲಿ ಅಂದ ಕೂಡಲೇ ನಮ್ಮವರ ಪಟ್ಟಿಯಲ್ಲಿ ರೋಮ್, ವೆನಿಸ್, ಫ್ಲಾರೆನ್ಸ್ ಬಂದು ಕೂರುತ್ತವೆ. ಮಿಲಾನ್‌ಗೆ ಸಿಗುವುದು ಅರ್ಧ ದಿನ, ಅದೂ ವಿಮಾನ ಅಲ್ಲಿ ಇಳಿಯುತ್ತದೆ ಅನ್ನುವ ಕಾರಣಕ್ಕೆ. ಡುವೋಮೊ ಅನ್ನುವ ದೊಡ್ಡ ಚರ್ಚಿನ ಎದುರು ಒಂದು ಫೋಟೊ, ಪಕ್ಕದ ಗ್ಯಾಲರಿ ಅನ್ನುವ ಅಂಗಡಿ ಸಾಲಿನಲ್ಲಿ ಒಂದು ಸುತ್ತು, ಮುಗೀತು. ನನ್ನ ಕೇಳಿದರೆ ಕನಿಷ್ಠ ಮೂರು ದಿನ ಇಡಿ. ಆದರೆ ಹೋದ ಮೇಲೆ ನೋಡಿಕೊಳ್ಳೋಣ ಅಂದರೆ ಈ ಊರು ಕೈಗೆ ಹತ್ತುವುದಿಲ್ಲ. ಇಲ್ಲಿ ಎಲ್ಲವೂ ತಾರೀಖಿನ ಮೇಲೆ ನಿಂತಿದೆ.

ಮೊದಲು ತಿಂಗಳು

ಫೆಬ್ರುವರಿ ಕೊನೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಮಹಿಳೆಯರ ಫ್ಯಾಷನ್ ವೀಕ್ ಇರುತ್ತದೆ. ಪುರುಷರದ್ದು ಜನವರಿ ಮತ್ತು ಜೂನ್. ಏಪ್ರಿಲ್‌ನಲ್ಲಿ ಸಲೋನೆ ದೆಲ್ ಮೊಬಿಲೆ ಅನ್ನುವ ದೊಡ್ಡ ಪೀಠೋಪಕರಣ ಮೇಳ. ಫ್ಯಾಷನ್ ವೀಕ್‌ಗೆ ಹೋಗಿ ಶೋ ನೋಡೋಣ ಅಂದುಕೊಂಡಿದ್ದರೆ ಆಸೆ ಬಿಡಿ, ಅಲ್ಲಿ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ನಿಮಗೆ ಸಿಗುವುದು ದುಬಾರಿ ರೂಮು ಅಷ್ಟೇ. ಸಲೋನೆ ವಾರದ ಕತೆಯೇ ಬೇರೆ. ಆಗ ಊರಿನ ಬೀದಿಬೀದಿಯಲ್ಲಿ ಬಿಟ್ಟಿ ಪ್ರದರ್ಶನಗಳಿರುತ್ತವೆ, ಮಾಮೂಲಿ ದಿನಗಳಲ್ಲಿ ಬಾಗಿಲು ತೆರೆಯದ ಹಳೇ ಮನೆಗಳ ಅಂಗಳಕ್ಕೂ ಹೋಗಬಹುದು, ಹಾಗಾಗಿ ವಿನ್ಯಾಸದ ಹುಚ್ಚಿದ್ದರೆ ಆ ವಾರ ದುಡ್ಡು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಆಗಸ್ಟ್ ಬೇಡ. ಸೆಖೆ, ಜೊತೆಗೆ 15ರ ಆಸುಪಾಸಿನಲ್ಲಿ ಊರವರೆಲ್ಲ ರಜೆಗೆ ಹೋಗಿ ಎಷ್ಟೋ ಅಂಗಡಿ, ಹೋಟೆಲು ಬಾಗಿಲು ಹಾಕಿರುತ್ತವೆ. ಶಾಪಿಂಗೇ ಮುಖ್ಯ ಅಂದರೆ ಸೇಲ್ ಶುರುವಾಗುವ ಜನವರಿ ಮೊದಲ ವಾರ ಅಥವಾ ಜುಲೈ ಆರಂಭ ನೋಡಿ. ಸುಮ್ನೆ ಸುತ್ತಾಡೋಕೆ ಮೇ ಮತ್ತು ಅಕ್ಟೋಬರ್ ಚೆನ್ನ.

ಆಮೇಲೆ ಒಂದು ಚಿತ್ರದ ಟಿಕೆಟ್

ವಿಮಾನಕ್ಕಿಂತ ಮೊದಲು ಇದನ್ನು ನೋಡಿ. ಲಿಯೊನಾರ್ಡೊ ಡ ವಿಂಚಿ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರ ಇರುವುದು ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಚರ್ಚಿನ ಪಕ್ಕ, ಸನ್ಯಾಸಿಗಳು ಊಟಕ್ಕೆ ಕೂರುತ್ತಿದ್ದ ಹಾಲ್‌ನಲ್ಲಿ. ಒಂದು ಸಲಕ್ಕೆ ಸಣ್ಣ ಗುಂಪು, 15 ನಿಮಿಷ. ಸೋಮವಾರ ರಜೆ. ಟಿಕೆಟ್‌ಗಳನ್ನು ಕೆಲವು ತಿಂಗಳಿಗೊಮ್ಮೆ ಕಂತಿನಲ್ಲಿ ಬಿಡುತ್ತಾರೆ, ಬಿಟ್ಟ ಕೂಡಲೇ ಖಾಲಿಯಾಗುತ್ತವೆ. ಮ್ಯೂಸಿಯಂನ ಅಧಿಕೃತ ವೆಬ್‌ಸೈಟಿನಲ್ಲಿ ಸಿಗದಿದ್ದರೆ ಗೈಡ್ ಜೊತೆಗಿನ ಟೂರ್‌ಗಳಲ್ಲಿ ಹುಡುಕಿ, ರೇಟು ಜಾಸ್ತಿ ಆದರೂ ಸೀಟು ಇರುತ್ತದೆ. ಟಿಕೆಟ್‌ನಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಯಿರಿ.

ಇಷ್ಟೆಲ್ಲ ಒದ್ದಾಟ 15 ನಿಮಿಷಕ್ಕಾ ಅಂತ ಕೇಳಬೇಡಿ. ಒಳಗೆ ಹೋಗುವಾಗ ಒಂದು ಗಾಜಿನ ಬಾಗಿಲು ಹಿಂದೆ ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ, ಹೊರಗಿನ ದೂಳು, ತೇವ ಒಳಗೆ ಬರಬಾರದು ಅಂತ. ಲಿಯೊನಾರ್ಡೊ ಹಸಿ ಗಾರೆಯ ಮೇಲೆ ಬರೆಯಲಿಲ್ಲ. ಹಸಿ ಗಾರೆ ಅಂದರೆ ಆರುವುದರೊಳಗೆ ಮುಗಿಸಬೇಕು, ಅವನಿಗೋ ನಿಧಾನವಾಗಿ ತಿದ್ದಿ ತಿದ್ದಿ ಬರೆಯುವ ಅಭ್ಯಾಸ. ಒಣ ಗೋಡೆಗೆ ಹಚ್ಚಿದ ಬಣ್ಣ ಅವನಿರುವಾಗಲೇ ಉದುರತೊಡಗಿತು. ಅಲ್ಲೇ ಹಿಂದೆ ತಿರುಗಿ ಎದುರಿನ ಗೋಡೆ ನೋಡಿ. ಮೊಂತೋರ್ಫಾನೊ ಅನ್ನುವವನು 1495ರಲ್ಲಿ ಹಸಿ ಗಾರೆಯ ಮೇಲೆ ಬರೆದ ಶಿಲುಬೆಯ ಚಿತ್ರ ಇವತ್ತಿಗೂ ಗಟ್ಟಿಯಾಗಿದೆ, ಆದರೆ ಅದನ್ನು ನೋಡುವವರೇ ಇಲ್ಲ ಪಾಪ! ಲಿಯೊನಾರ್ಡೊ ಚಿತ್ರದಲ್ಲಿ ಯೇಸುವಿನ ಪಾದ ಯಾಕೆ ಕಾಣುತ್ತಿಲ್ಲ ಅಂತ ಅನಿಸಿದರೆ, 1652ರಲ್ಲಿ ಅಲ್ಲೊಂದು ಬಾಗಿಲು ಕೊರೆದರು. 1943ರ ಬಾಂಬ್ ದಾಳಿಯಲ್ಲಿ ಹಾಲ್‌ನ ಬಹುಭಾಗ ಕುಸಿದರೂ ಮರಳಿನ ಮೂಟೆ ಒಟ್ಟಿದ್ದರಿಂದ ಈ ಚಿತ್ರದ ಗೋಡೆ ಉಳಿಯಿತು.

ವೀಸಾ, ರೂಮು

ಬೇಕಾಗಿರುವುದು ಷೆಂಗೆನ್ ವೀಸಾ. ಅರ್ಜಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ತಿಂಗಳವರೆಗೆ ಕಾಯಬೇಡಿ. ಯುರೋಪಿನ ಎರಡು ಮೂರು ದೇಶ ಸುತ್ತುವುದಾದರೆ ಎಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಪ್ರವಾಸ ವಿಮೆ 30,000 ಯುರೋಗೆ ಕಡಿಮೆ ಇರಬಾರದು.

ರೂಮನ್ನು ಮೆಟ್ರೊ ನಕ್ಷೆ ಎದುರಿಗಿಟ್ಟುಕೊಂಡು ಹುಡುಕಿ. ಡುವೋಮೊ ಸುತ್ತ ದುಡ್ಡು ಸುಮ್ನೆ ಖರ್ಚು. ಪೋರ್ತಾ ವೆನೆತ್ಸಿಯಾ, ಪೋರ್ತಾ ರೊಮಾನಾ, ಇಸೋಲಾ ಒಳ್ಳೆಯ ಬಡಾವಣೆಗಳು. ಕಾಲುವೆ ಪಕ್ಕದ ನವೀಲಿ ಸಂಜೆಗೆ ಚೆಂದ, ಮಲಗೋಕಲ್ಲ, ಮಧ್ಯರಾತ್ರಿ ದಾಟಿದರೂ ಗಲಾಟೆ. ತಲೆಗೆ ಇಷ್ಟು ಅಂತ ಪ್ರವಾಸಿ ತೆರಿಗೆಯನ್ನು ಹೋಟೆಲಿನಲ್ಲಿ ಬೇರೆಯಾಗಿ ಕಟ್ಟಬೇಕು.

ಮಾಲ್ಪೆನ್ಸಾ ವಿಮಾನ ನಿಲ್ದಾಣ ಊರಿಂದ ಸುಮಾರು 50 ಕಿ.ಮೀ. ದೂರ. ಟ್ಯಾಕ್ಸಿ ಬೇಡ, ರೈಲು ನೇರ ಊರೊಳಕ್ಕೆ ಬರುತ್ತದೆ. ಇನ್ನೊಂದು ವಿಮಾನ ನಿಲ್ದಾಣ ಲಿನಾತೆಯಲ್ಲಿ ಇಳಿದರೆ ಮೆಟ್ರೊ ಅಲ್ಲಿಂದಲೇ ಸಿಗುತ್ತದೆ. ಮೆಟ್ರೊ ಗೇಟಿಗೆ ಬ್ಯಾಂಕ್ ಕಾರ್ಡು ತಾಗಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು, ಹೊರಗೆ ಬರುವಾಗಲೂ ಅದನ್ನೇ ತಾಗಿಸಬೇಕು.

ದಿನ ಹಂಚುವುದು

ಡುವೋಮೊ ಕಟ್ಟಲು ಶುರು ಮಾಡಿದ್ದು 1386ರಲ್ಲಿ. ಒಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು. ಸಮಯ ಕಡಿಮೆಯಿದ್ದರೆ ಒಳಗಡೆ ಬಿಡಿ, ಚಾವಣಿ ಮಾತ್ರ ಬಿಡಬೇಡಿ. ಸಂಜೆ ಹತ್ತಿ. 135 ಗೋಪುರಗಳ ನಡುವೆ ಓಡಾಡುವಾಗ ಕೈಗೆಟುಕುವಷ್ಟು ಹತ್ತಿರದಲ್ಲಿ ಕಲ್ಲಿನ ಎಲೆ, ಹೂವು, ಸಂತರ ಮುಖ. ನಸುಗೆಂಪು ಗೆರೆಯ ಆ ಅಮೃತಶಿಲೆ ಕಾಂದೋಲ್ಯಾದ ಗಣಿಯಿಂದ ದೋಣಿಯಲ್ಲಿ ಬರುತ್ತಿತ್ತು, ನವೀಲಿ ಕಾಲುವೆಯ ಮೂಲಕವೇ. ಹಾಗಾಗಿ ಮಧ್ಯಾಹ್ನ ಕಾಲುವೆ, ಸಂಜೆ ಚಾವಣಿ ಅಂತ ಒಂದೇ ದಿನಕ್ಕೆ ಜೋಡಿಸಬಹುದು.

ಇನ್ನೊಂದು ದಿನ ಬ್ರೆರಾ ಚಿತ್ರಶಾಲೆಗೆ, ಅದಕ್ಕೂ ಸೋಮವಾರ ರಜೆ. ಅಲ್ಲಿಂದ ನಡೆದೇ ಮೊಂತೆನಾಪೊಲಿಯೊನೆ ಬೀದಿಗೆ ಹೋಗಿ, 2024ರ ಒಂದು ವರದಿಯಲ್ಲಿ ಅಂಗಡಿ ಬಾಡಿಗೆಯಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವನ್ನೇ ಹಿಂದೆ ಹಾಕಿದ ಬೀದಿ. ನೋಡಿ ಬನ್ನಿ, ನೋಡೋಕೆ ದುಡ್ಡಿಲ್ಲ. ಕೊಳ್ಳಲು ಮಂಗಳವಾರ ಅಥವಾ ಶನಿವಾರ ಪಾಪಿನಿಯಾನೊ ರಸ್ತೆಯ ಸಂತೆಗೆ ಹೋಗಿ, ಬಟ್ಟೆ, ಚಪ್ಪಲಿ ರಾಶಿ ಹಾಕಿರುತ್ತಾರೆ. ರಸ್ತೆಬದಿಯ ನಕಲಿ ಬ್ರ್ಯಾಂಡ್ ಬ್ಯಾಗು ಮಾತ್ರ ಮುಟ್ಟಬೇಡಿ, ಅಲ್ಲಿ ಕೊಂಡವರಿಗೂ ದಂಡ. ಡುವೋಮೊ ಎದುರು ಕೈಗೆ ದಾರ ಕಟ್ಟಲು ಬರುವವರಿಗೆ ಕೈ ಕೊಡಬೇಡಿ, ಕಟ್ಟಿದ ಮೇಲೆ ಕಾಸು ಕೇಳುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಕೇಸರಿ ಹಾಕಿದ ಹಳದಿ ರಿಸೊತ್ತೊ ನೋಡೋಕೆ ನಮ್ಮ ಅನ್ನದಂತೇ ಇದ್ದರೂ ಬೇಯಿಸುವುದು ಸಾಮಾನ್ಯವಾಗಿ ಮಾಂಸದ ರಸದಲ್ಲಿ, ಕೇಳಿಯೇ ತಿನ್ನಿ. ಪಾರ್ಮಿಜಾನೊ ಚೀಸ್‌ಗೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಟೊಮೆಟೊ, ಮೊತ್ಸರೆಲ್ಲಾ ತುಂಬಿ ಕರಿದ ಪಾಂಜೆರೊತ್ತೊ ಹೊಟ್ಟೆ ತುಂಬಿಸುತ್ತದೆ. ಕಾಫಿ ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಯಲ್ಲಿರುವ ಹಸಿರು ಕಬ್ಬಿಣದ ನಲ್ಲಿಗಳ ನೀರು ಕುಡಿಯಬಹುದು.

ಹೊರಡುವ ದಿನ

ಒಂದೇ ಅಂಗಡಿಯಲ್ಲಿ ಒಂದೇ ಬಿಲ್ಲಿಗೆ 70 ಯುರೋಗಿಂತ ಜಾಸ್ತಿ ಕೊಂಡಿದ್ದರೆ ತೆರಿಗೆಯಲ್ಲಿ ಒಂದು ಭಾಗ ವಾಪಸ್ ಬರುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಅದರ ಫಾರಂ ಕೇಳಿ. ಕಸ್ಟಮ್ಸ್ ಒಪ್ಪಿಗೆ ತೆಗೆದುಕೊಳ್ಳಬೇಕಾದದ್ದು ಯುರೋಪಿಯನ್ ಒಕ್ಕೂಟದಿಂದ ಹೊರಗೆ ಹೋಗುವ ಕೊನೆಯ ವಿಮಾನ ನಿಲ್ದಾಣದಲ್ಲಿ. ಮಿಲಾನ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಬರುವವರು ಅದನ್ನು ಮರೆಯಬೇಡಿ, ಅಧಿಕಾರಿ ಸಾಮಾನು ತೋರಿಸಿ ಅಂದರೆ ತೋರಿಸಬೇಕು, ಹಾಗಾಗಿ ಕೊಂಡದ್ದನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ.