ಬಾನೆವಿಲ್ ಐಡ್ಲಿಂಗ್ ನಿಲ್ಲದಿದ್ದಾಗ: ಅಮಲ್ ಕಾರ್ಬುರೇಟರ್‌ನ ಪೈಲಟ್ ಜೆಟ್

1969ರ ಟ್ರಯಂಫ್ ಬಾನೆವಿಲ್ ಟಿ120 ಬೈಕ್, ಎರಡು ಅಮಲ್ 930 ಕಾನ್ಸೆಂಟ್ರಿಕ್ ಕಾರ್ಬುರೇಟರ್. ಆಕ್ಸಲರೇಟರ್ ಬಿಟ್ಟ ಕೂಡಲೇ ಎಡ ಸಿಲಿಂಡರ್ ಸತ್ತು ಗಾಡಿ ಆಫ್. ಐಡ್ಲಿಂಗ್ ಗಾಳಿ ಹೊಂದಿಸುವ ಏರ್ ಸ್ಕ್ರೂ ಎತ್ತ ತಿರುಗಿಸಿದರೂ ಶಬ್ದದಲ್ಲಿ ಬದಲಾವಣೆಯಿಲ್ಲ. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಪೈಲಟ್ ಜೆಟ್, ಕಟ್ಟಿದೆ ಎಂಬುದರ ಗುರುತು ಇದೇ.

ಹೊಸ ಪ್ಲಗ್, ಪಾಯಿಂಟ್ ಗ್ಯಾಪ್ 0.38 ಮಿ.ಮೀ., ಹೊಸ ನೀಡಲ್ ಜೆಟ್: ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕಾರ್ಬುರೇಟರನ್ನು ರಾತ್ರಿಯಿಡೀ ಕ್ಲೀನರ್‌ನಲ್ಲಿ ನೆನೆಸಿದ್ದೂ ವ್ಯರ್ಥ.

ಈ ಕಾರ್ಬುರೇಟರ್‌ನಲ್ಲಿ ಪೈಲಟ್ ಜೆಟ್ ಬಿಚ್ಚಲು ಬರುವುದಿಲ್ಲ. ಏರ್ ಸ್ಕ್ರೂ ಹಿಂದಿನ ಕೊಳವೆಯ ಆಳದಲ್ಲಿ ಒತ್ತಿ ಕೂರಿಸಿದ ಪುಟ್ಟ ಬುಷ್ (ತೂತಿರುವ ಲೋಹದ ತುಂಡು) ಅದು; ತೂತು 0.016 ಇಂಚು, ಅಂದರೆ 0.4 ಮಿ.ಮೀ. ಗಾಡಿ ನಿಂತಲ್ಲೇ ನಿಂತರೆ ಪೆಟ್ರೋಲ್ ಒಣಗಿ ಅಲ್ಲಿ ಗಟ್ಟಿ ಅಂಟಾಗುತ್ತದೆ, ಸ್ಪ್ರೇಗೆ ಕರಗುವುದಿಲ್ಲ.

ಏರ್ ಸ್ಕ್ರೂ ತೆಗೆಯಿರಿ. 78ನೇ ನಂಬರ್ ಡ್ರಿಲ್ ಬಿಟ್ ಗಿಡ್ಡ, ಬುಷ್ ತನಕ ಎಟುಕದು. ಅದನ್ನು ತೆಳು ಹಿತ್ತಾಳೆ ಕೊಳವೆಗೆ ಬೆಸುಗೆ ಹಾಕಿಕೊಳ್ಳಿ. ಬೆರಳಲ್ಲೇ ತಿರುಗಿಸಿ, ಮೆಷಿನ್ ಬೇಡವೇ ಬೇಡ: ತೂತು ದೊಡ್ಡದಾದರೆ ಕಾರ್ಬುರೇಟರ್ ಬಾಡಿಯೇ ಹೋಯಿತು. 0.016 ಇಂಚಿನ ಗಿಟಾರ್ ತಂತಿಯೂ ಆದೀತು. ಬಿಟ್ ತುದಿಯಲ್ಲಿ ಹಸಿರು ಪುಡಿ ಬರುತ್ತದೆ.

ಆಮೇಲೆ ಏರ್ ಸ್ಕ್ರೂ ತೂತಿನಿಂದಲೇ ಕ್ಲೀನರ್ ಹೊಡೆಯಿರಿ, ಕಣ್ಣಿಗೆ ಕನ್ನಡಕವಿರಲಿ. ಸ್ಲೈಡ್ (ಆಕ್ಸಲರೇಟರ್ ಎಳೆದಾಗ ಮೇಲೇಳುವ ಭಾಗ) ಕೂರುವ ಜಾಗದ ಎರಡೂ ಸಣ್ಣ ರಂಧ್ರಗಳಿಂದ ನೆಟ್ಟಗೆ ಚಿಮ್ಮಬೇಕು. ಒಂದೇ ಚಿಮ್ಮಿದರೆ ಮತ್ತೆ ಮಾಡಿ.

ಏರ್ ಸ್ಕ್ರೂ ಮೆತ್ತಗೆ ತಳಕ್ಕೆ ಮುಟ್ಟಿಸಿ, ಒಂದೂವರೆ ಸುತ್ತು ಹಿಂದಕ್ಕೆ. ಎಂಜಿನ್ ಕಾದ ಮೇಲೆ, ಒಂದೊಂದೇ ಸಿಲಿಂಡರ್ ಓಡಿಸಿ ಹೊಂದಿಸಿ. ಎರಡೂ ಸ್ಲೈಡ್ ಒಟ್ಟಿಗೆ ಏಳುವಂತೆ ಕೇಬಲ್ ಸರಿಮಾಡುವುದು ಕೊನೆಗೆ.