ಮನೆತನದ ಫೌಂಡ್ರಿ ವಹಿಸಿಕೊಂಡ ಎಂಜಿನಿಯರ್ ಮೊದಲು ಮರಳು ನೋಡಲಿ

ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಮನೆತನದ ಫೌಂಡ್ರಿಗೆ, ಅಂದರೆ ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಹೊಯ್ದು ಎರಕ ತೆಗೆಯುವ ಕಾರ್ಖಾನೆಗೆ, ಓದು ಮುಗಿಸಿ ಬಂದವರು ಲೆಕ್ಕದ ಪುಸ್ತಕ ಆಮೇಲೆ ತೆರೆಯಿರಿ. ಮೊದಲು ರಿಜೆಕ್ಟ್ ಆದ ಎರಕಗಳನ್ನು ದೋಷದ ಪ್ರಕಾರ ಬೇರ್ಪಡಿಸಿ, ತೂಗಿ ಬರೆದಿಡಿ.

ಎರಕದಲ್ಲಿ ನುಣುಪು ಗೋಡೆಯ ದುಂಡು ತೂತು ಕಂಡರೆ ಅದು ಬ್ಲೋ ಹೋಲ್, ಅಂದರೆ ಅನಿಲ ಸಿಕ್ಕಿಕೊಂಡು ಆದ ತೂತು. ಮರಳಿನ ತೇವವನ್ನೇ ಮೊದಲು ಶಂಕಿಸಿ. ಬೀಡು ಕಬ್ಬಿಣದ ಎರಕಕ್ಕೆ ಬಳಸುವ ಹಸಿಮರಳಿಗೆ (ಜೇಡಿ, ನೀರು ಬೆರೆಸಿದ ಅಚ್ಚಿನ ಮರಳಿಗೆ) ಸಾಮಾನ್ಯವಾಗಿ ಶೇ. 3ರಿಂದ 4 ತೇವ ಸಾಕು. ಹೆಚ್ಚಾದರೆ ನೀರು ಆವಿಯಾಗಿ ಲೋಹದೊಳಗೆ ನುಗ್ಗುತ್ತದೆ, ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಹಿಂದಿನ ಸಲ ಲೋಹ ಹೊಯ್ದ ಅಚ್ಚಿನ ಬಿಸಿ ಮರಳನ್ನು ತಣಿಸದೆ ಬಳಸಬೇಡಿ. ಮಿಕ್ಸರ್‌ನಲ್ಲಿ ಸರಿಯಿದ್ದ ತೇವ ಅಚ್ಚು ಮುಗಿಯುವಷ್ಟರಲ್ಲಿ ಹಾರಿಹೋಗಿರುತ್ತದೆ.

ಹಳೆಯ ಮೋಲ್ಡರ್ (ಅಚ್ಚು ಕಟ್ಟುವವರು) ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವ ರೀತಿಯನ್ನು ಅವರ ಪಕ್ಕ ನಿಂತೇ ಕಲಿಯಿರಿ, ಅದಕ್ಕೆ ಬೆಲೆಯಿದೆ. ಜೊತೆಗೆ ಪ್ರತಿ ಪಾಳಿಯಲ್ಲೂ 100 ಗ್ರಾಂ ಮರಳನ್ನು 105–110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣಗಿಸಿ ತೂಗಿ. ಕಳೆದುಹೋದ ಗ್ರಾಂಗಳೇ ಶೇಕಡಾ ತೇವ.